ಪೆನ್ಸಿಲ್ ತಿಕ್ಕಿದ ಪ್ರೊಸೆಸರ್

...ಎದ್ದು ಹೋಗ್ತೀನಂದ್ರ ಎಲ್ಲಿಗಿ ಹೋಗ್ತೀರಿ ಕಾಕಾ? ನೋಡ್ರಿ, ಹಿಂದ ಮುಂದ ಎಲ್ಲಾ ಸೀಟು ತುಂಬ್ಯಾವ. ಡ್ರೈವರನ ತೊಡಿ ಮ್ಯಾಲೆ ಕೂಡಬೇಕಷ್ಟೇ! ಕೂಡ್ರಿ, ಕೂಡ್ರಿ. ನಾನೇ ಕಡೀಗಿ ಸರೀತೀನಿ. ಕಮಲಾಪುರದಿಂದ ಕಲಬುರಗಿ ಒಂದ ತಾಸಿನ ಹಾದಿ. ಒಂದ ತಾಸು ಈ ಚಂದ್ರಶಾ ಬಾಜೂಕ ಕುಂತ್ರ ತುಕಾರಾಮ ಕಾಕಾನ ಧೋತರಕ್ಕ ಏನೂ ಹತ್ತಂಗಿಲ್ಲ.

ಬಾಳೆಹಣ್ಣು ತಿಂತೀರಿ? ಕೆಂಪಂದು... ಬ್ಯಾಡ? ಕದ್ದದ್ದಲ್ಲರೀ. ಅಂದ್ರ, ಎರಡ ಕದ್ದದ್ದು, ಎರಡ ಕೊಂಡದ್ದು. ನಿಮಗ ಕೊಂಡದ್ದೇ ಕೊಡ್ತೀನಿ. ...ಅದಕ್ಕೂ ನಗಂಗಿಲ್ಲ. ಮೊದಲ ನಾ ಬಾಯಿ ತೆಗದ್ರ ಸಾಕು, ನೀವು ಕಂಬದ ಮ್ಯಾಲಿದ್ರೂ ನಗ್ತಿದ್ರಿ. 'ಲೇ ಚಂದ್ರಶಾ, ಸುಮ್ನಿರಲೇ, ಕೆಳಗ ಬೀಳ್ತೀನಿ' ಅಂತಿದ್ರಿ. ಹದಿನೆಂಟ ದಿನ ಆತು, ಊರಾಗ ನನ್ನ ಮಾತಿಗಿ ಯಾರೂ ನಕ್ಕಿಲ್ಲ. ನನ್ನ ಗೆಳ್ಯಾ ಖಂಡೆಪ್ಪ ಹೋಗಿ ಹದಿನೆಂಟ ದಿನ. ನಾ ಎಣಿಸಾಂವಲ್ಲ, ಎಣಿಸಲಾರದೇ ಎಣಿಕಿ ಆಗ್ತದ.

ನೀವು ಎಲ್ಲಿಗಿ ಹೊಂಟೀರಿ ನನಗ ಗೊತ್ತದ. ಲೈಸೆನ್ಸ್ ಆಫೀಸಿಗಿ. ಹನ್ನೊಂದಕ್ಕ ಕರೆದಾರ. ನನಗೂ ಕರೆದಾರ! ಸಾಕ್ಷಿ ಹೇಳ್ಲಾಕ. ಖಂಡೆಪ್ಪನ ಅಪ್ಪ ಸಾಯಬಣ್ಣ ಕಾಕಾ ಮೋಟರ್‌ಸೈಕಲ್ ಮ್ಯಾಲೆ ಕೂಡು ಅಂದ್ರು. ನಾನೇ ಒಲ್ಲೆ ಅಂದೆ. ಅವ್ರ ಬೆನ್ನ ಹಿಂದ ಅಷ್ಟು ದೂರ ನನಗ ಕೂಡ್ಲಾಕ ಆಗಂಗಿಲ್ಲ. ನೋಡ್ರಿ ನಮ್ಮ ದೈವ, ಎಸ್ಸೆಸ್ಸೆಲ್ಸಿ ಎರಡ ಸಲ ಫೇಲಾದ ಹುಡುಗ, ಗಣಿತದಾಗ ಹನ್ನೆರಡು ನಂಬರು. ಅಂಥಾವನ ಮಾತು ಸಾಹೇಬ್ರು ಕಾಗದದ ಮ್ಯಾಲೆ ಬರ್ಕೊಂತಾರ. ಅದರ ಮ್ಯಾಲೆ ನಿಮ್ಮಂಥ ಮೂವತ್ತ ವರ್ಷದ ವಾಯರ್‌ಮನ್ನನ ಲೈಸೆನ್ಸ್ ಇರಬೇಕೋ ಹೋಗಬೇಕೋ ನಿಂತದ.

ಕಿಟಕಿ ಕಡೆ ಏನ ನೋಡ್ತೀರಿ? ಬರೇ ತೊಗರಿ ಹೊಲ. ಈ ಕಡೆ ನೋಡ್ರಿ. ನಾ ನಿಮಗ ಒಂದು ಹೇಳಬೇಕಂತ ಬಂದು ಕುಂತೀನಿ. ಆ ಹೊತ್ತು ಏನಾತಂತ ಊರು ನೂರು ನಮೂನಿ ಹೇಳ್ತದ. ನೀವು ಯಾರಿಗೂ ಕೇಳಿಲ್ಲ. ಕಡೀಕ ನನ್ನ ಬಾಯಿಲೆ ಆದ್ರ ಕೇಳ್ರಿ.

ಎಲ್ಲಾ ಆ ಪ್ರೊಸೆಸರಿಂದ. ಕಂಪ್ಯೂಟರಿನ ಮಿದುಳರೀ ಅದು, ಬಿಸ್ಕೂಟಿನಷ್ಟು ಇರ್ತದ. ಖಂಡೆಪ್ಪ ಎಸ್ಸೆಸ್ಸೆಲ್ಸಿ ಪಾಸಾದಾಗ, ಎರಡ ಸಾವಿರದ ಇಸ್ವಿದಾಗ, ಅವರಪ್ಪ ತಂದು ಕೊಟ್ಟ ಮಶೀನು. ಅದಕ್ಕಂತನೇ ನೀವು ಹೊಸಾ ವಾಯರಿಂಗ್ ಮಾಡಿದ್ರಿಲ್ಲಾ? ಓದ್ಲಾಕ ತಂದದ್ದು. ಓದಿದ್ವಿ! ಗಾಡಿ ರೇಸು ಓದಿದ್ವಿ, ಬಂದೂಕು ಓದಿದ್ವಿ. ಮೂರ ವರ್ಷ ಕುದುರಿ ಹಂಗ ಓಡ್ತು. ಆಮ್ಯಾಲ ಹೊಸಾ ಗೇಮ್ ಬಂದ್ವು ನೋಡ್ರಿ... ಹಾಕಿದ್ರ, ಗಾಡಿ ತಿರುವಿಗಿ ಬಂದಾಗ ನಿಂತೇ ಬಿಡ್ತಿತ್ತು. ಸುಣ್ಣ ಹಚ್ಚಿದ ಗೋಡಿ ಹಂಗ ಸ್ತಬ್ಧ. ಖಂಡೆಪ್ಪಗ ಕಣ್ಣಾಗ ನೀರು ಬರ್ತಿದ್ವು, ಖರೇ ಹೇಳ್ತೀನಿ. ಪಿಯುಸಿ ಫೇಲಾದಾಗೂ ಅಳಲಾರದಾಂವ.

ಕಲಬುರಗಿಗಿ ಬಂದ್ವಿ, ಸೂಪರ್ ಮಾರ್ಕೆಟಿನ್ಯಾಗ ಮಂಜೂರ್ ಭಾಯ್ ಕಡೆ. ಹಳೇ ಕಂಪ್ಯೂಟರ್ ಬಿಚ್ಚಿ ಬಿಚ್ಚಿ ಮಾರ್ತಾನ, ಕಟುಕರ ಅಂಗಡಿ ಹಂಗ. ಅಂವ ಅಂದ, 'ನಯಾ ಪ್ರೊಸೆಸರ್ ಈ ಬೋರ್ಡಿಗಿ ಕೂಡಂಗಿಲ್ಲ ಬೇಟಾ. ಬೋರ್ಡ್ ಭೀ ಬದಲಿಸಬೇಕು, ರ್‍ಯಾಮ್ ಭೀ. ಅಷ್ಟರಾಗ ನಿನ್ನ ಮದಿವಿ ಆಗ್ತದ. ಛೋಡ್, ಒಂದ ಪೆನ್ಸಿಲ್ ತಗೋ' ಅಂದ.

ಪೆನ್ಸಿಲ್! ನಾ ನಕ್ಕೆ. ನಂದೇ ಮಸ್ಕಿರಿ ಮಾಡ್ಲಾಕತ್ತಾನಂತ ತಿಳದೆ. ಖರೇನೇ ಇತ್ತು ಕಾಕಾ. ಆ ಪ್ರೊಸೆಸರಿನ ಮ್ಯಾಲೆ ಎಳ್ಳಿಗಿಂತ ಸಣ್ಣ ಚುಕ್ಕಿ ಇರ್ತಾವ, ಬಂಗಾರದ ಬಣ್ಣ, ಎದ್ರಾಬದ್ರಾ. ನಡುವಿನ ಗೆರಿ ಮಾಡಿದವ್ರೇ ಕಡಿದು ಬಿಟ್ಟಿರ್ತಾರ, ಹೆಚ್ಚಿಗಿ ಓಡಬಾರದಂತ. ಪೆನ್ಸಿಲಿನ ಕರೀ ಪುಡಿ ಕರೆಂಟ್ ಒಯ್ತದ. ಅದನ್ನ ತಿಕ್ಕಿ ಚುಕ್ಕಿ ಚುಕ್ಕಿ ಕೂಡಿಸಿದ್ರ ಕಾಲಿನ ಸರಪಳಿ ಬಿಚ್ಚಿದಂಗ. ಖಂಡೆಪ್ಪ ಪೆನ್ಸಿಲ್ ನನ್ನ ಕೈಯಾಗ ಕೊಟ್ಟು, 'ನೀ ಮಾಡು' ಅಂದ. ಶಾಲ್ಯಾಗ ಒಂದ ಸೀದಾ ಗೆರಿ ಎಳೀಲಾರದ ಕೈ ಇವು... ಉಸಿರು ಹಿಡಿದು ಎಳದೆ. ಮ್ಯಾಲೆ ಬಿಳೀ ಲೇಪ ಹಚ್ಚಬೇಕು, ಕಾವು ಇಳೀಲಿ ಅಂತ. ಮಂಜೂರ್ ಭಾಯ್ ಚೂರು ಪುಡಿಕ್ಯಾಗ ಕಟ್ಟಿ ಕೊಟ್ಟಿದ್ದ. ಉಳದದ್ದು ಖಂಡೆಪ್ಪನ ಹಣಿಗಿ ಮೂರ ಬೆರಳಿಲೆ ಹಚ್ಚಿದೆ. ಅವರವ್ವ ನೋಡಿ 'ಇವತ್ತರೆ ವಿಭೂತಿ ಹಚ್ಚಿದ್ಯಾ ನನ್ನಪ್ಪ' ಅಂತ ಖುಷಿ ಪಟ್ಟಳು! ಸಂಜಿತನಕ ತಿಕ್ಕಿದ್ರೂ ಹೋಗಲಿಲ್ಲ ಅದು...

ಪ್ರೊಸೆಸರಿನ ಓಟ ಏಳನೂರ ಇದ್ದದ್ದು ಒಂಬೈನೂರ ಆತು. ಗಾಡಿ ತಿರುವಿಗಿ ನಿಲ್ಲಲಿಲ್ಲ ಕಾಕಾ. ಹಾರಿ ಹೋತು. ಖಂಡೆಪ್ಪ ನನ್ನ ಎತ್ಕೊಂಡು ಕುಣದ.

ಕಾವು ಬಂತು ಆಮ್ಯಾಲ. ಬೇಸಿಗಿ ಹೊರಗ ನಲವತ್ನಾಕು, ತಗಡಿನ ಪತ್ರಾದ ಮನಿ, ಒಳಗ ಆ ಬಿಸ್ಕೂಟು ಹೆಂಚು ಆಗ್ತಿತ್ತು. ಹತ್ತ ನಿಮಿಷಕ್ಕ ಮಶೀನು ಗಪ್. ನಾ ಡಬ್ಬಿಯ ಬಾಜೂಕಿನ ತಗಡು ಬಿಚ್ಚಿ ಒಗದೆ. ಸಾಲಲಿಲ್ಲ. ಪಡಸಾಲಿಯಾಗಿನ ಕಬ್ಬಿಣದ ಕೂಲರ್ ಎಳ್ಕೊಂಡು ಬಂದು ಅದರ ಮುಂದ ನಿಲ್ಲಿಸಿದ್ವಿ. ಮನಿ ಮಂದಿ ಬೆವರಲಿ, ಕಂಪ್ಯೂಟರಿಗಿ ತಂಪು ಗಾಳಿ! ಎರಡ ತಾಸಿಗೊಂದ ಕೊಡ ನೀರು ಕುಡೀತಿತ್ತು ಆ ಕೂಲರ್. ನಳಾ ಅಂದ್ರ ಎಂಟ ದಿನಕ್ಕೊಮ್ಮಿ...

ಏನು? ನೀರು ಎಲ್ಲಿಂದ ತರ್ತಿದ್ದೆ ಅಂತನಾ? ...ಇಲ್ಲ, ನೀವು ಕೇಳಲಿಲ್ಲ. ಕೇಳಿದಂಗ ಆತು. ತರ್ತಿದ್ದೆ ಬಿಡ್ರಿ ಎಲ್ಲಿಂದರೆ.

ಅಂವಗ ಒಂದ ಚಟ ಇತ್ತು. ಐದ ನಿಮಿಷಕ್ಕೊಮ್ಮಿ ಡಬ್ಬಿಯಾಗ ಕೈ ಹಾಕಿ ಬೆರಳಿಲೆ ಪ್ರೊಸೆಸರಿನ ಮ್ಯಾಲಿನ ಕಾವು ಇಳಿಸೋ ತಗಡು ಮುಟ್ಟಿ ನೋಡೋದು. 'ಜ್ವರ ಇಳಿದಾವ' ಅಂತಿದ್ದ, ದವಾಖಾನಿ ನರ್ಸ್ ಹಂಗ. ನಂದೊಂದ ಚಟ. ನಾ ಡಬ್ಬಿ ಮುಟ್ಟಿ ನಡಗೋದು. ಕಣ್ಣ ಮ್ಯಾಲೆ ಮಾಡಿ, ಹಲ್ಲ ಕಟದು... ಕರೆಂಟ್ ಹಿಡಿದವ್ರ ಸೋಗು. ಅವರವ್ವಗ ಮೂರ ಸಲ ಅಳಿಸೀನಿ ಹಂಗ ಮಾಡಿ. ಖಂಡೆಪ್ಪನೂ ಕಲತ. ನನಗಿಂತ ಚಂದ ಮಾಡ್ತಿದ್ದ.

ಶುಕ್ರವಾರ ಮಧ್ಯಾಹ್ನ ಮೂರಕ್ಕ ಅಂವ ಕೈ ಹಾಕಿದ. ಕೂಲರ್ ಸೋರಿ ನೆಲ ಎಲ್ಲಾ ಹಸಿ, ಬರಿಗಾಲು. ನಡುಗಿದ.

ನಾ ನಕ್ಕೆ ಕಾಕಾ.

ಚಪ್ಪಾಳಿ ಬಡದೆ. 'ಭಾರಿ ಮಾಡ್ಲಾಕತ್ತಿ ಮಗನ, ನಾಲಿಗಿ ಹೊರಗ ತೆಗಿ!' ಅಂದೆ. ಎಷ್ಟೊತ್ತು ಅಂತ ಪೊಲೀಸ್ರು ಕೇಳಿದ್ರು. ಹತ್ತ ಎಣಿಸೋ ತನಕ ಅಂದೆ. ಹೆಚ್ಚಿತ್ತೇನೋ. ಆಮ್ಯಾಲ ವಾಸನಿ ಬಂತು. ಚಪ್ಪಲಿಲೆ ಬಡದು ಮೇನ್ ಸ್ವಿಚ್ ಕೆಡವಿದೆ. ಅಂವ ನನ್ನ ಮ್ಯಾಲೇ ಬಿದ್ದ. ಇನ್ನೂ ಬೆಚ್ಚಗಿದ್ದ...

ಇದ ನಾ ಯಾರ ಮುಂದೂ ಮುಚ್ಚಿಟ್ಟಿಲ್ಲರೀ. ಎಲ್ಲಾರ ಮುಂದ ಹೇಳೀನಿ, ನಕ್ಕೆ ಅಂತ. ಸಾಯಬಣ್ಣ ಕಾಕಾಗೂ ಹೇಳಿದೆ. ಮಗನ ಹೆಣದ ಮುಂದ ಕುಂತಾಂವ, ನನ್ನ ತಲಿ ಮ್ಯಾಲೆ ಕೈಯಿಟ್ಟು, 'ನಿನಗೇನ ಗೊತ್ತಿತ್ತು ಕೂಸೇ, ನೀ ಅಳಬ್ಯಾಡ' ಅಂದ. ಅವರವ್ವ ನನಗ ಬಲವಂತ ಮಾಡಿ ಗಂಜಿ ಕುಡಿಸಿದಳು. ಊರಾಗ ಎಲ್ಲಾರೂ, 'ಪಾಪ, ಹುಡುಗನ ಎದುರಿಗೇ...' ಅಂತ ಬೆನ್ನ ಸವರಿದ್ರು. ನೀವೊಬ್ರೇ ಸವರ್ಲಿಲ್ಲ.

ಈಗೂ ಹಂಗೇ ಕುಂತೀರಿ. ಅಷ್ಟ ದೊಡ್ಡದು ಹೇಳಿದೆ, ಮಾರಿ ಮ್ಯಾಲೆ ಒಂದ ನೆರಿಗಿ ಕದಲಲಿಲ್ಲ. ಕಲ್ಲ ಇದ್ದೀರಿ ಏನು?

...ಮಹಾಗಾಂವ ಕ್ರಾಸ್ ಬಂತು. ಅಕ್ಕಾ, ಆ ಬುಟ್ಟಿ ನನ್ನ ಕಾಲ ಮ್ಯಾಲೆ ಅದ! ಕಾಲು ನಂದೇರೀ, ಬಸ್ಸಿಂದಲ್ಲ! ...ನೋಡ್ರಿ, ಆ ಅಕ್ಕ ನಕ್ಕಳು. ಗುರ್ತಿಲ್ಲದವ್ರು ನಗ್ತಾರ ಇನ್ನೂ.

ಪಂಚರು ಕುಂತಾಗ ಏನಾತು ಗೊತ್ತದ, ನೀವೂ ಇದ್ರಿ. ಲೈನ್‌ಮನ್ ಬಂದು ನೋಡಿ ಹೇಳಿದ. ಕೂಲರಿನ ಪಂಪಿನ ವಾಯರ್ ಸವದು, ಕೂಲರಿನ ಮೈಗಿ ಕರೆಂಟ್ ಬಂದದ. ಮನಿಗೆಲ್ಲಾ ಅರ್ಥಿಂಗ್ ವಾಯರ್ ಒಂದೇ. ಅದು ಹಿತ್ತಲದ ಗುಂಡಿಯಾಗ ಮಣ್ಣಿಗಿ ಇಳೀಬೇಕಾದ ಕರೆಂಟು. ಇಳೀಲಾಕ ಜಾಗಾ ಸಿಗಲಿಲ್ಲ, ಹೊಳ್ಳಿ ಅದೇ ವಾಯರ್ ಹಿಡದು ಕಂಪ್ಯೂಟರಿನ ಡಬ್ಬಿಗಿ ಬಂತು. 'ಅರ್ಥಿಂಗ್ ಸತ್ತಿತ್ತು' ಅಂದ. ಅಷ್ಟಕ್ಕ ಎಲ್ಲಾರ ಮಾರಿ ನಿಮ್ಮ ಕಡೆ ತಿರುಗಿದ್ವು. ಗುಂಡಿ ತೋಡಿದಾಂವ ತುಕಾರಾಮ.

ನೀವೇ ಕಲಿಸಿದ್ದು ನಮಗ. ನೆನಪದ? ಹಿತ್ತಲದಾಗ ಗುಂಡಿ ತೋಡಿ, ತಾಮ್ರದ ಪ್ಲೇಟು ಇಳಿಸಿ, ಉಪ್ಪು ಇದ್ದಲಿ, ಉಪ್ಪು ಇದ್ದಲಿ ತುಂಬ್ತಿದ್ರಿ. ನಾ 'ಯಾರ್ನ ಹುಗೀಲಾಕತ್ತೀರಿ ಕಾಕಾ' ಅಂದೆ. ನೀವು ಅಂದ್ರಿ, 'ನಗಬ್ಯಾಡ ಲೇ. ಕರೆಂಟಿಗಿ ಮಣ್ಣಿನಾಗ ಹೋಗ್ಲಾಕ ಹಾದಿ ಬೇಕು. ಹಾದಿ ಸಿಗಲಿಲ್ಲಂದ್ರ ಮನಶಾನ್ನೇ ಹಾದಿ ಮಾಡ್ಕೊಂತದ. ಬೇಸಿಗಿದಾಗ ಈ ಗುಂಡಿಗಿ ವಾರಕ್ಕ ಎರಡ ಕೊಡ ನೀರು ಹಾಕಬೇಕು. ಒಣಗಿದ್ರ ಇದು ಬರೇ ಗುಂಡಿ.' ಖಂಡೆಪ್ಪ ಮೈಗಳ್ಳ. ಆ ಕೆಲಸ ನನಗ ಹಚ್ಚಿದ. ನಮ್ಮ ಕರಾರು ಹಂಗೇ ಇತ್ತು. ಸೋಮವಾರ ಎರಡ ಕೊಡ, ಅದಕ್ಕ ನನಗ ಒಂದ ತಾಸು ಗೇಮು. ಮೂರ ಬ್ಯಾಸಿಗಿ ಹಾಕೀನಿ ಕಾಕಾ. ಒಂದ ಸೋಮವಾರ ತಪ್ಪಿಲ್ಲ, ಆ ಮೂರ ಬ್ಯಾಸಿಗಿ.

ಅದಕ್ಕೇ ಸಾಯಬಣ್ಣ ಕಾಕಾ ನನಗ ಕೇಳಿದ್ರು, ಪಂಚರ ಮುಂದ. 'ಚಂದ್ರಶಾ, ಗುಂಡಿಗಿ ನೀರು ಹಾಕಿದ್ಯಾ?' ನಾ ಅಂದೆ, 'ವಾರಾ ಎರಡ ಕೊಡ.' ಅಷ್ಟೇ ಅಂದದ್ದು. ನಿಮ್ಮ ಹೆಸರು ನಾ ತೆಗೀಲಿಲ್ಲ, ಖರೇ ಹೇಳ್ರಿ, ತೆಗದೀನೇನು? ಜನ ತಾವೇ ಅಂದ್ರು. ನೀರು ಹಾಕಿದ್ರೂ ಗುಂಡಿ ಸತ್ತದ ಅಂದ್ರ ಮಾಡಿದಾಂವೇ ಕಳ್ಳ ಅಂತ. ತಾಮ್ರ ತಿಂದು ತಗಡು ಹುಗದಾನ ಅಂತ. ಮರುದಿನದಿಂದ ನಿಮ್ಮನ್ನ ಯಾರೂ ಕೆಲಸಕ್ಕ ಕರೀಲಿಲ್ಲ...

ತಾಮ್ರನೇ ಹಾಕಿದ್ರಿಲ್ಲೋ? ...ಸಿಟ್ಟಾಗಬ್ಯಾಡ್ರಿ! ನನ್ನ ಕಣ್ಣೆದುರಿಗೇ ಇಳಿಸಿದ್ರಿ, ನನಗ ಗೊತ್ತಿಲ್ಲೇನು. ಸುಮ್ನ ಕೇಳಿದೆ. ಹಂಗ್ಯಾಕ ನೋಡ್ತೀರಿ?

ತಪ್ಪು ನಿಮ್ಮದೂ ಅದ. ಅವತ್ತೇ 'ಅಗದು ನೋಡ್ರಿ' ಅಂತ ಒಂದ ಮಾತು ಅನ್ನಬೇಕಿತ್ತು. ನಾಕ ಗುದ್ದಲಿ ಹಾಕಿದ್ರ ತಾಮ್ರ ಕಾಣ್ತಿತ್ತು, ನಿಮ್ಮ ಮಾನ ಉಳೀತಿತ್ತು. ಮಂದಿ ಕಳ್ಳ ಅಂತಿದ್ರೂ ಗಪ್ ಕುಂತ್ರಿ. ಯಾಕ? ಈಗ ಅಗದ್ರೇನು? ಮಿರಗದ ಮಳಿ ಬಿದ್ದದ, ಗುಂಡಿ ತುಂಬ ನೀರು. ಅವತ್ತ ಒಣಗಿತ್ತಂತ ಈಗ ಹ್ಯಾಂಗ...

...

ಏನ ನೋಡ್ತೀರಿ? ನಾ ಏನಂದೆ? ಒಣಗಿತ್ತು ಅಂದ್ಯಾ? ಬಾಯಿ ತಪ್ಪಿ ಬಂತು. ಬಸ್ಸು ಕುಲುಕ್ತು. ಎಲ್ಲಾರೂ ಏನೇನೋ ಅಂತಾರ, ಅದೇ ಬಾಯಾಗ ಬಂತು...

ಒಂದ ಕೇಳ್ಲಾ ಕಾಕಾ? ನನಗ ಎಲ್ಲಾರೂ ಕೇಳಿದ್ರು, ನೀರು ಹಾಕಿದ್ಯಾ ಅಂತ. ಪಂಚರು ಕೇಳಿದ್ರು, ಪೊಲೀಸ್ರು ಕೇಳಿದ್ರು, ನಮ್ಮವ್ವ ರೊಟ್ಟಿ ಬಡಿಯೂತ ಕೇಳಿದಳು. ನೀವು ಕೇಳಲಿಲ್ಲ. ಗುಂಡಿ ನಿಮ್ಮದು, ಮಾನ ನಿಮ್ಮದು, ಎಲ್ಲಾರಿಗಿಂತ ಮೊದಲ ನನ್ನ ಕಾಲರ್ ಹಿಡದು ಕೇಳಬೇಕಾದವ್ರು ನೀವು. ಇವತ್ತಿನ ತನಕ ಒಂದ ಸಲ ಕೇಳಿಲ್ಲ.

ಕೇಳೋ ಜರೂರತ್ತ ಇರ್ಲಿಲ್ಲ. ಹೌದಿಲ್ಲೋ?

ನಾ ನೋಡೀನಿ ನಿಮ್ಮನ್ನ. ಪಂಚರು ಕೂಡೋಕಿಂತ ಮೊದಲ ನೀವೊಬ್ರೇ ಹಿತ್ತಲಕ್ಕ ಹೋದ್ರಿ. ನಾ ನೀರಿನ ಹೌದಿನ ಮರಿಗಿ ನಿಂತಿದ್ದೆ. ನೀವು ಕುಕ್ಕರಗಾಲಿಲೆ ಕುಂತು ಆ ಉದ್ದಾನ ಸ್ಕ್ರೂಡ್ರೈವರ್ ಗುಂಡಿಯಾಗ ಚುಚ್ಚಿದ್ರಿ, ಹಿಡಿತನಕ. ಹೊರಗ ಜಗ್ಗಿ ಬೆರಳಿಲೆ ಒರಸಿ ನೋಡಿದ್ರಿ. ಬರೇ ಬೂದಿ ಹಂಗ ಧೂಳು. ಬಾಳ ಹೊತ್ತು ಬೆರಳು ನೋಡಿದ್ರಿ. ಆಮ್ಯಾಲ ಅಂಗಿಗಿ ಒರಸಿಕೊಂಡು ಎದ್ದು ಬಂದು ಪಂಚರ ಮುಂದ ಕುಂತ್ರಿ. ನಾ 'ಎರಡ ಕೊಡ' ಅಂದಾಗ ನೀವು ಎದುರಿಗೇ ಇದ್ರಿ, ಒಮ್ಮಿ ನನ್ನ ನೋಡಿ ನೆಲ ನೋಡಿದ್ರಿ.

ನೀವು ಬೈದಿದ್ರ ನಾ ಹೊಳ್ಳಿ ಬೈತಿದ್ದೆ. ಹೊಡದಿದ್ರ ಓಡ್ತಿದ್ದೆ. ಹಿಂಗ ಗಪ್ ಕುಂತ್ರ ನಾ ಏನ ಮಾಡ್ಲಿ?

ಹಾಕಿಲ್ಲ ಕಾಕಾ. ಪೆನ್ಸಿಲ್ ತಿಕ್ಕಿದಾಗಿಂದ ಹಾಕಿಲ್ಲ. ಆರ ವಾರ. ಗುಂಡಿಯ ಪಾಲಿನ ಎರಡ ಕೊಡ ನೀರು ಕೂಲರಿಗಿ ಹಾಕಿದೆ. ಪ್ರೊಸೆಸರ್ ತಂಪಿದ್ರ ನಮ್ಮ ಗೇಮ್ ನಿಲ್ತಿರ್ಲಿಲ್ಲ. ಅದೇ ನೀರಿಲೆ ಕೂಲರ್ ಓಡಿ, ಅದೇ ನೀರು ನೆಲದ ಮ್ಯಾಲೆ ಸೋರಿ... ಖಂಡೆಪ್ಪಗೂ ಗೊತ್ತಿರ್ಲಿಲ್ಲ. ಅಂವ ಪ್ರತಿ ಸೋಮವಾರ ನನಗ ಒಂದ ತಾಸು ಕೊಡ್ತಿದ್ದ, ನಂಬಿ.

ಇನ್ನೊಂದದ. ಅದೂ ಹೇಳ್ತೀನಿ. ಆ ಆರ ವಾರದಾಗೇ ನೀವು ಒಂದ ದಿನ ಗುಂಡಿ ನೋಡ್ಲಾಕ ಬರ್ತೀನಿ ಅಂದಿದ್ರಿ. ನೀವು ಬರೋದು ಕಂಡು ನಾ ಓಡಿ ಹೋಗಿ ಎರಡ ಚರಿಗಿ ನೀರು ಮ್ಯಾಲೆ ಮ್ಯಾಲೆ ಚೆಲ್ಲಿ, ಅಂಗೈಲೆ ಸಾರಿಸಿದ್ದೆ. ಹಸೀ ಕರೀ ಮಣ್ಣು, ಚಂದ ಕಾಣ್ತಿತ್ತು. ನೀವು ಯಾವಾಗೂ ಬಲ್ಬ್ ಹಚ್ಚಿ ನೋಡ್ತಿದ್ರಿ, ಗುಂಡಿ ಜೀವ ಅದನೋ ಇಲ್ಲೋ ಅಂತ. ಅವತ್ತ ಕರೆಂಟ್ ಹೋಗಿತ್ತು. ಕೈಲೆ ಮ್ಯಾಲೆ ಮುಟ್ಟಿ, 'ಶಾಣ್ಯಾ ಇದ್ದಿ ಲೇ' ಅಂದು, ಛಾ ಕುಡಿದು ಹೋದ್ರಿ. ನನಗ ಶಾಣ್ಯಾ ಅಂದ್ರು ನೋಡು ಅಂತ ನಾ ಖಂಡೆಪ್ಪಗ ಕಣ್ಣ ಹೊಡದೆ. ತುಕಾರಾಮ ಕಾಕಾಗೇ ಟೋಪಿ ಹಾಕಿದೆ ಅಂತ ಒಳಗೊಳಗ ನಕ್ಕೆ...

ಅದಕ್ಕೇನು ನೀವು ಗಪ್ ಆಗಿದ್ದು? ಮ್ಯಾಲೆ ಮುಟ್ಟಿ ಹೋದೆ, ಚುಚ್ಚಿ ನೋಡಲಿಲ್ಲ, ನಂದೇ ತಪ್ಪು ಅಂತ? ಅಲ್ಲರೀ! ನಿಮ್ಮದಲ್ಲ! ನಾ ಮೋಸ ಮಾಡಿದೆ ನಿಮಗ, ಬೇಕಂತ ಮಾಡಿದೆ! ...ಕಾಕಾ, ಕಣ್ಣ ಒರಸ್ಕೋಬ್ಯಾಡ್ರಿ. ಮಂದಿ ನೋಡ್ಲಾಕತ್ತಾರ. ನನ್ನ ಹೊಡೀರಿ ಬೇಕಾದ್ರ.

...ತಾಜಸುಲ್ತಾನಪುರ ಹೋತು. ಊರು ಬಂತು. ನೀವು ಇಳದು ಹೋಗಿ ತಪ್ಪು ನಂದೇ ಅಂತ ಸಹಿ ಮಾಡಿ ಬರ್ತೀರಿ, ಲೈಸೆನ್ಸ್ ಒಪ್ಪಿಸಿ. ನನಗ ಗೊತ್ತಾತು. ಅದಕ್ಕೇ ಹೊಂಟೀರಿ. ಒಂದ ಮಾತೂ ಆಡಂಗಿಲ್ಲ.

ನಾ ಸಾಹೇಬ್ರಿಗಿ ಹೇಳ್ತೀನಿ. ಹೇಳ್ತೀನಿ ಅಂದ್ನಲ್ಲಾ! ಅವ್ರೇನು, ಕಾಗದದ ಮನಶಾ, ಬರ್ಕೊಂತಾರ. ಆದ್ರ... ಬಾಜೂಕೇ ಸಾಯಬಣ್ಣ ಕಾಕಾ ಕುಂತಿರ್ತಾರ. ನನ್ನ ತಲಿ ಮ್ಯಾಲೆ ಕೈಯಿಟ್ಟಾಂವ. ಅವ್ರಿಗಿ ನೀವು ಹೇಳ್ರಿ. ನೀವು ದೊಡ್ಡವ್ರು, ಸಮಾಧಾನಲೆ ಕುಂದ್ರಿಸಿ ಹೇಳ್ತೀರಿ. ನಾ ಹೊರಗ ಬಾಗಿಲ ಹತ್ರ ನಿಂತಿರ್ತೀನಿ. ಆಂ? ಹೇಳ್ತೀರಿಲ್ಲೋ?

ಕಾಕಾ?

ಎಲ್ಲಾರೂ ಇಳದ್ರು ನೋಡ್ರಿ, ಬಸ್‌ಸ್ಟ್ಯಾಂಡ್ ಬಂದದ. ಕಂಡಕ್ಟರ್ ಕರೀಲಾಕತ್ತಾನ. ಏಳ್ರಿ. ಯಾಕ ಏಳವಲ್ರಿ? ...ಹೂಂ ಅನ್ರಿ ಒಮ್ಮಿ. ಇಲ್ಲ ಅಂತರೆ ಅನ್ರಿ.

ಆತು. ...ಆತು, ನಾ ಮೊದಲ ಏಳ್ತೀನಿ.

'ಸಾಯಬಣ್ಣ ಕಾಕಾ, ನೀವು ಪಂಚರ ಮುಂದ ಕೇಳಿದ್ರಲ್ಲಾ... ನಾ ನೀರು ಹಾಕಿಲ್ಲ.' ಹಿಂಗ ಹೇಳ್ಲಾ? ಇಷ್ಟ ಹೇಳಿದ್ರ ಸಾಕಾ, ಕಾಕಾ?